ಆಕ್ಸ್‌ಫರ್ಡ್ ನಾಲೆಯಲ್ಲಿ ಏಳು ದಿನದ ಸಂಸಾರ

ನಾನು ಮಂಡ್ಯದ ಕಡೆಯವಳು. ನಾಲೆ ಅಂದರೆ ನನಗೆ ಗದ್ದೆ, ತೂಬು, ನೀರುಗಂಟಿ. ಇಂಗ್ಲೆಂಡಿನ ಕವೆಂಟ್ರಿಯಲ್ಲಿರುವ ತಂಗಿ ಫೋನಿನಲ್ಲಿ "ಅಕ್ಕ, ಈ ಸಲ ನೀವು ಬಂದಾಗ ಒಂದು ವಾರ ನಾಲೆ ಮೇಲೆ ಇರೋಣ, ದೋಣಿ ಬಾಡಿಗೆಗೆ ಹೇಳಿದ್ದೀವಿ" ಅಂದಾಗ ಏನೂ ಅರ್ಥವಾಗಲಿಲ್ಲ. ಅಲ್ಲಿ ಹೋಗಿ ನೋಡಿದ ಮೇಲೂ ಮೊದಲ ದಿನ ಹುಡುಕಿದ್ದು ತೂಬನ್ನೇ. ಎರಡು ಕಡೆ ಹಸಿರು ಹೊಲ, ಕುರಿಮರಿ, ಆದರೆ ಒಂದು ಗುಂಟೆಗೂ ಈ ನೀರು ಹೋಗುವುದಿಲ್ಲ. ಕವೆಂಟ್ರಿ ಸುತ್ತಲಿನ ಕಲ್ಲಿದ್ದಲನ್ನು ದಕ್ಷಿಣಕ್ಕೆ ಸಾಗಿಸಲು 1769ರಲ್ಲಿ ತೋಡಲು ಶುರು ಮಾಡಿದ ನಾಲೆ ಇದು. ಆಕ್ಸ್‌ಫರ್ಡ್ ಮುಟ್ಟಿದ್ದು 1790ರಲ್ಲಿ. ಆಗ ಕುದುರೆ ದಡದ ಮೇಲೆ ನಡೆದು ಹಗ್ಗದಿಂದ ದೋಣಿ ಎಳೆಯುತ್ತಿತ್ತು. ಆ ದಾರಿಯಲ್ಲಿ ಈಗ ನಾಯಿ ಹಿಡಿದುಕೊಂಡು ವಾಕಿಂಗ್ ಹೋಗುತ್ತಾರೆ.

ಬ್ರಾನ್‌ಸ್ಟನ್ನಿನಲ್ಲಿ ನಮಗೆ ಕೊಟ್ಟ ನ್ಯಾರೋಬೋಟ್ 57 ಅಡಿ ಉದ್ದ, ಏಳಡಿಗೆ ಎರಡು ಇಂಚು ಕಡಿಮೆ ಅಗಲ. ನಮ್ಮ ಸಿಟಿ ಬಸ್ಸಿಗಿಂತ ಉದ್ದ, ಅದಕ್ಕಿಂತ ಸಪೂರ. ಒಳಗೆ ಅಡುಗೆಮನೆ, ಬಚ್ಚಲು, ಹಾಸಿಗೆ, ಕಬ್ಬಿಣದ ಒಲೆ ಎಲ್ಲವೂ ಸಾಲಾಗಿ ಇವೆ. ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕು.

ಹಿಂದೆ ನಿಂತು ದೋಣಿ ತಿರುಗಿಸುವ ಹಿಡಿಗೆ ಟಿಲ್ಲರ್ ಅನ್ನುತ್ತಾರೆ. ಊರಲ್ಲಿ ಗದ್ದೆಯ ಟಿಲ್ಲರ್ ಓಡಿಸಿದ ನಮ್ಮ ಯಜಮಾನರು "ಕೊಡಿ ಇಲ್ಲಿ, ನಂಗೆ ಬರತ್ತೆ" ಅಂತ ಮುಂದೆ ಹೋದರು. ಇದು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುವ ಟಿಲ್ಲರ್! ಐದು ನಿಮಿಷದಲ್ಲಿ ನಾವು ಎದುರು ದಡದ ಜೊಂಡಿನೊಳಗೆ. ಪುಣ್ಯಕ್ಕೆ ಇಲ್ಲಿ ಗಂಟೆಗೆ ನಾಲ್ಕು ಮೈಲಿ ಮೀರುವಂತಿಲ್ಲ. ದಡಕ್ಕೆ ಕಟ್ಟಿದ ದೋಣಿಗಳು ಬಂದರೆ ಅದೂ ಜಾಸ್ತಿ, ಇನ್ನೂ ನಿಧಾನ ಮಾಡಬೇಕು. ಇಲ್ಲದಿದ್ದರೆ ಅವುಗಳ ಕಿಟಕಿಯಿಂದ ಒಂದು ತಲೆ ಹೊರಗೆ ಬಂದು ಬೈಯುತ್ತದೆ. ನಾವು ಎರಡು ಸಲ ಬೈಸಿಕೊಂಡೆವು.

ನಾಪ್ಟನ್ ಬೆಟ್ಟದ ಬುಡದಲ್ಲಿ ದೋಣಿಯನ್ನು ಮೇಲಕ್ಕೆ ಹತ್ತಿಸುವ ಒಂಬತ್ತು ಲಾಕ್‌ಗಳು. ಗುಡ್ಡದ ಮೇಲೆ ಗಾಳಿಯಂತ್ರ, ಕೆಳಗೆ ಹೊಲದಲ್ಲಿ, ನಂಬುತ್ತೀರೋ ಇಲ್ಲವೋ, ಎಮ್ಮೆಗಳು! ಇಂಗ್ಲೆಂಡಿನಲ್ಲಿ ನೋಡಿದ ಯಾವ ಕೋಟೆಗೂ ನಮ್ಮ ಯಜಮಾನರು ಅಷ್ಟು ಹೊತ್ತು ನಿಂತಿರಲಿಲ್ಲ.

ಲಾಕ್ ಅಂದರೆ ಎರಡು ತುದಿಗೂ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿಯನ್ನು ಕೆಳಗಿನಿಂದ ಒಳಗೆ ಬಿಟ್ಟು ಹಿಂದಿನ ಬಾಗಿಲು ಹಾಕಬೇಕು. ಆಮೇಲೆ ವಿಂಡ್‌ಲಾಸ್ ಅನ್ನುವ ಕಬ್ಬಿಣದ ಹಿಡಿಯನ್ನು ಮೇಲಿನ ತೂಬಿನ ಹಲ್ಲುಚಕ್ರಕ್ಕೆ ಸಿಕ್ಕಿಸಿ ತಿರುಗಿಸಬೇಕು. ಕಟ ಕಟ ಕಟ ಅಂತ ಹಲಗೆ ಏಳುತ್ತದೆ, ನೀರು ಭೋರ್ ಅಂತ ನುಗ್ಗುತ್ತದೆ, ಹಳ್ಳದಲ್ಲಿದ್ದ ತಂಗಿಯ ತಲೆ ಮೆಲ್ಲಗೆ ಮೇಲೆ ಬರುತ್ತದೆ. ಎರಡು ಕಡೆ ನೀರು ಸಮ ಆಗುವ ತನಕ ಆನೆ ತಳ್ಳಿದರೂ ಬಾಗಿಲು ಅಲ್ಲಾಡುವುದಿಲ್ಲ. ಸಮ ಆಯಿತೋ, ಬಾಗಿಲ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ಕಾಲು ಊರಿದರೆ ನನ್ನಂಥವಳಿಗೂ ತೆರೆಯುತ್ತದೆ. ಒಂದು ದೋಣಿ ದಾಟಿದರೆ ಹತ್ತಿರ ಹತ್ತಿರ ಲಕ್ಷ ಲೀಟರ್ ನೀರು ಕೆಳಗೆ ಇಳಿದ ಹಾಗೆ. ಅದಕ್ಕೇ ಎದುರಿನಿಂದ ದೋಣಿ ಬರುತ್ತಿದ್ದರೆ ಕಾಯುತ್ತಾರೆ. ಅವರು ಇಳಿದ ಖಾಲಿ ತೊಟ್ಟಿಯಲ್ಲಿ ನಾವು ಹತ್ತಬಹುದು, ಸುಮ್ನೆ ನೀರು ಹಾಳಾಗುವುದಿಲ್ಲ. ತೂಬಿನ ಸರದಿಗೆ ಕಾದು ಬೆಳೆದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮೇಲೆ ಹತ್ತಿದರೆ ಹನ್ನೊಂದು ಮೈಲಿ ಲಾಕ್ ಇಲ್ಲ. ಹಕ್ಕಿ ಹಾರಿದ ಹಾಗೆ ಅಳೆದರೆ ಐದು ಮೈಲಿಯೂ ಇಲ್ಲವಂತೆ. ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಗುಡ್ಡ ಕಡಿಯುವ ಬದಲು ಮಟ್ಟ ಹಿಡಿದುಕೊಂಡು ಸುತ್ತುಹಾಕಿದ್ದಾರೆ. ವರ್ಮ್‌ಲೇಟನ್ ಹತ್ತಿರ ಒಂದೇ ಊರು ಎಡಕ್ಕೆ ಕಾಣಿಸಿತು, ಎದುರಿಗೆ ಕಾಣಿಸಿತು, ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಬಂತು.

ಇನ್ನು ಸಂಸಾರ. ಬೆಳಗ್ಗೆ ಎದ್ದರೆ ಮೊದಲ ಮಾತು "ಟ್ಯಾಂಕ್ ಎಷ್ಟಿದೆ?" ನಲ್ಲಿ ಇರುವ ದಡ ಬಂದರೆ ಪೈಪ್ ಹಾಕಿ ಗಂಟೆಗಟ್ಟಲೆ ನಿಲ್ಲಬೇಕು. ಆಗಲೇ ಬಟ್ಟೆ, ಪಾತ್ರೆ. ಕಕ್ಕಸಿನ ಡಬ್ಬಿ ತುಂಬಿದರೆ ಸೂಟ್‌ಕೇಸಿನಂತೆ ಹಿಡಿದುಕೊಂಡು ಹೋಗಿ ಖಾಲಿ ಮಾಡಿ ತೊಳೆದು ತರಬೇಕು. ಈ ಕೆಲಸಕ್ಕೆ ಮನೆಯ ಗಂಡಸರಿಬ್ಬರೂ ಚೀಟಿ ಎತ್ತುತ್ತಿದ್ದರು. ರೈಸ್ ಕುಕ್ಕರಿಗೆ ಬ್ಯಾಟರಿ ತಾಳದು. ಗ್ಯಾಸಿನ ಮೇಲೆ ಪ್ರೆಶರ್ ಕುಕ್ಕರ್ ಇಟ್ಟೆವು. ಸಂಜೆಯ ಆ ನಿಶ್ಶಬ್ದದಲ್ಲಿ ಅದು ಕೂಗಿದ ರಭಸಕ್ಕೆ ಪಕ್ಕದ ದೋಣಿಯ ಅಜ್ಜಿ ಹೊರಗೇ ಬಂದುಬಿಟ್ಟರು. ಎಂಜಿನ್ ಕೆಟ್ಟಿತು ಅಂದುಕೊಂಡರಂತೆ. ತಿಳಿಸಾರು ಕೊಟ್ಟೆ, ಲೋಟದಲ್ಲೇ ಕುಡಿದರು.

ಅವರಿಗೆ ದೋಣಿಯೇ ಮನೆ. ದೋಣಿ ಕಟ್ಟಲು ಜಾಗ ಬಾಡಿಗೆಗೆ ಹಿಡಿಯದವರು ಒಂದೇ ಕಡೆ ಹದಿನಾಲ್ಕು ದಿನಕ್ಕಿಂತ ಜಾಸ್ತಿ ನಿಲ್ಲುವಂತಿಲ್ಲ, ಮುಂದೆ ಹೋಗುತ್ತಿರಬೇಕು. ಕಲ್ಲಿದ್ದಲು, ಡೀಸೆಲ್, ಗ್ಯಾಸ್ ಮಾರುವ ದೋಣಿ ಬರುತ್ತದೆ. ಆದರೆ ಕಾಗದಪತ್ರ, ಡಾಕ್ಟರು ಅಂದರೆ ವಿಳಾಸ ಕೇಳುತ್ತಾರಲ್ಲ, ಅದೇ ತಲೆನೋವು ಅಂದರು. ಚಳಿಗಾಲದಲ್ಲಿ ನಾಲೆ ಹೆಪ್ಪುಗಟ್ಟಿದರೆ ನೀರು ತುಂಬಿಸಲು ಹೋಗುವುದೂ ಕಷ್ಟ. ನಮಗೆ ಮೇ ತಿಂಗಳ ಬಿಳಿ ಹೂವಿನ ಬೇಲಿ, ಒಂಬತ್ತು ಗಂಟೆಯವರೆಗೆ ಬೆಳಕು. ಏಳು ದಿನಕ್ಕೆ ಎಲ್ಲವೂ ಚಂದ, ಅಲ್ವಾ?

ಕ್ಲೇಡನ್ನಿನಲ್ಲಿ ಐದು ಲಾಕ್ ಇಳಿಯಬೇಕು. ಇಳಿಯುವಾಗ ದೋಣಿಯ ಹಿಂಭಾಗ ಬಾಗಿಲ ಬುಡದ ಕಲ್ಲುಕಟ್ಟೆಗೆ ಸಿಕ್ಕಿಕೊಂಡರೆ ಮುಗಿಯಿತು, ಮೂತಿ ಕೆಳಗಾಗಿ ಮುಳುಗುತ್ತದೆ. "ಮುಂದೆ, ಮುಂದೆ!" ಅಂತ ಕೂಗುವ ಭರದಲ್ಲಿ ನನ್ನ ಕೈಯ ವಿಂಡ್‌ಲಾಸ್ ಗುಳುಂ ಅಂತ ನೀರಿಗೆ ಬಿತ್ತು. ಇದ್ದ ಇನ್ನೊಂದನ್ನು ಹಿಂದಿನ ದಿನ ತಂಗಿಯ ಗಂಡ ಎಲ್ಲೋ ಮರೆತು ಬಂದಿದ್ದರು.

ದೋಣಿ ಇಳಿಸಲು ಹಿಂದಿನ ದೋಣಿಯ ಮುದುಕರೊಬ್ಬರು ತಮ್ಮ ವಿಂಡ್‌ಲಾಸ್ ಕೊಟ್ಟರು. ಆಮೇಲೆ ಒಂದೂ ಮಾತಾಡದೆ ಹಗ್ಗಕ್ಕೆ ಕಟ್ಟಿದ ದೊಡ್ಡ ಅಯಸ್ಕಾಂತ ತಂದು ನೀರಿಗೆ ಇಳಿಬಿಟ್ಟರು. ಮೊದಲ ಸಲ ಒಂದು ತಗಡು. ಎರಡನೇ ಸಲ ತುಕ್ಕು ಹಿಡಿದ, ಯಾರದೋ ಹಳೆಯ ವಿಂಡ್‌ಲಾಸ್. ಐದನೇ ಸಲಕ್ಕೆ ನಮ್ಮದು ಕೆಸರು ಮೆತ್ತಿಕೊಂಡು ಬಂತು. ಅದನ್ನು ಹುಲ್ಲಿಗೆ ಒರೆಸಿ ನನ್ನ ಕೈಗಿಟ್ಟರು. ತುಕ್ಕು ಹಿಡಿದದ್ದನ್ನು ತಿರುಗಿಸಿ ತಿರುಗಿಸಿ ನೋಡಿ, ತಮ್ಮ ದೋಣಿಯ ಮೇಲೆ ಆಗಲೇ ಸಾಲಾಗಿ ಇಟ್ಟಿದ್ದ ಇನ್ನೂ ನಾಲ್ಕರ ಪಕ್ಕದಲ್ಲಿ ಇಟ್ಟುಕೊಂಡರು.