ನಾಕನೇದು ಬಂದೇ ಬರ್ತೈತೆ

"ಮೂರು ಸಲ ಕೈಕೊಟ್ಟೈತೆ, ನಾಕನೇದು ಬಂದೇ ಬರ್ತೈತೆ ಬಿಡು."

ಯುಗಾದಿ ಮರುದಿನ ಮಾವ ಹೇಳಿದ ಮಾತು ಇದು. ನಾಲ್ಕು ದಿನ ಆಯ್ತು, ಇನ್ನೂ ಕಿವಿಯಲ್ಲೇ ಇದೆ.

ಹೊಳಲ್ಕೆರೆ ಹತ್ತಿರ ಅವರ ಮನೆ. ಹೋಳಿಗೆ ಊಟ ಆದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ನಾಲ್ಕು ಜನ ಮೂರೆಲೆ ಇಸ್ಪೀಟಿಗೆ ಕೂತಿದ್ದೆವು. ದುಡ್ಡಿಟ್ಟು ಆಡೋದಕ್ಕೆ ಅಜ್ಜಿ ಬಿಡುವುದಿಲ್ಲ, ಹಾಗಾಗಿ ತಲೆಗೆ ನೂರು ಹುಣಸೆಬೀಜ. ಮಾವ ಮೂರು ಕೈ ಸೋತು, ನಾಲ್ಕನೆಯದರಲ್ಲಿ ಎಲೆ ಮುಟ್ಟದೆ ಬ್ಲೈಂಡ್, ಅಂದರೆ ನೋಡದೆಯೇ ಪಣ, ಏರಿಸುತ್ತಲೇ ಹೋದರು. ಬ್ಲೈಂಡ್ ಆಡೋದೇ ತಪ್ಪು ಅಂತಲ್ಲ. ಎಲೆ ನೋಡಿದವರು ಎರಡು ಬೀಜ ಇಡುವಲ್ಲಿ ನೋಡದವರಿಗೆ ಒಂದು ಸಾಕು, ಅಷ್ಟು ಲಾಭ ಇದೆ. ಆದರೆ ಎದುರಿನವರು ಎಲೆ ನೋಡಿಯೂ ಬಿಡದೆ ಕೂತಿದ್ದಾರೆ ಅಂದರೆ ಕೈಯಲ್ಲಿ ಏನೋ ಇದೆ ಅಂತಲೇ ಅಲ್ವಾ?

ಎದುರಿಗಿದ್ದದ್ದು ಅತ್ತೆ. ಆ ಮನೆಯಲ್ಲಿ ಲೆಕ್ಕ ಗೊತ್ತಿರುವುದು ಅವರಿಗೆ. ಹತ್ತು ಕೈಯಲ್ಲಿ ಏಳನ್ನು ಸುಮ್ನೆ ಕೆಳಗಿಡುತ್ತಾರೆ. 52 ಎಲೆಯಲ್ಲಿ ಮೂರನ್ನು 22,100 ಬಗೆಯಲ್ಲಿ ತೆಗೆಯಬಹುದು, ಅದರಲ್ಲಿ 16,440ರಲ್ಲಿ ಜೋಡಿ ಕೂಡ ಇರುವುದಿಲ್ಲ. ಟ್ರಯೋ, ಅಂದರೆ ಮೂರೂ ಒಂದೇ ಅಂಕಿಯ ಎಲೆ, ಅದಂತೂ 425 ಕೈಗೆ ಒಂದು. ಪಿಯು ಮಕ್ಕಳಿಗೆ ಇದನ್ನು ಬೋರ್ಡ್ ಮೇಲೆ ಬರೆದು ತೋರಿಸುವವಳು ನಾನು. ಅತ್ತೆ ಬರೆಯದೆಯೇ ಹಾಗೆ ಆಡುತ್ತಾರೆ.

ಮಾವ ಆ ಮಾತು ಹೇಳಿದಾಗ ಬೀಜ ಎಣಿಸುತ್ತಿದ್ದ ಅತ್ತೆಯ ಕೈ ಹಾಗೇ ನಿಂತಿತು. ನನಗೆ ಮತ್ತೆ ಮತ್ತೆ ಕಣ್ಣಿಗೆ ಬರುವುದು ಆ ಕೈ. ಮೊದಲು ಬಂಗಾರದ ಬಳೆ ಇದ್ದ ಕೈಯಲ್ಲಿ ಈಗ ಬರೀ ಹಸಿರು ಗಾಜಿನ ಬಳೆ. ಮೂರನೇ ಬೋರಿಗೆ ಹೋದವು ಅವು. 650 ಅಡಿ, 800 ಅಡಿ, 900 ಅಡಿ, ಮೂರರಲ್ಲೂ ನೀರಿಲ್ಲ. ಅಡಿಕೆ ಗರಿ ಮೇಲೆಲ್ಲಾ ಬಿಳಿ ಧೂಳು ಕೂತಿದ್ದನ್ನು ನಾನೇ ನೋಡಿದ್ದೇನೆ. ಆಗಲೂ ಮಾವ ತೋಟದಲ್ಲಿ ನಿಂತು ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದರು.

ಮಾವನ ಎಲೆ ತಿರುಗಿಸಿದರೆ ಕಳಾವರ್ ಒಂಬತ್ತು, ಡೈಮನ್ ನಾಲ್ಕು, ಆಟಿನ್ ಗುಲಾಮ. ಅತ್ತೆಯದು ಏಳರ ಜೋಡಿ. ಬೀಜವೆಲ್ಲಾ ಅತ್ತೆ ಕಡೆ ಹೋದವು, ಅವರು ನಗಲಿಲ್ಲ.

ನಾನು ಆಗ ಹೇಳಿದ್ದು ಅರ್ಧ ಮಾತ್ರ. "ಮಾವ, ಪ್ರತಿ ಸಲ ಎಲೆ ಕಲಸ್ತೀವಿ, ಹಿಂದಿನ ಸೋಲು ಅವಕ್ಕೆ ನೆನಪಿರಲ್ಲ" ಅಂದೆ. ಮಾವ ಒಳ್ಳೆಯವರು, ದುಡಿಯುವವರು, ಆದರೆ ಸೋತಷ್ಟೂ ದೇವರು ತಮಗೆ ಬಾಕಿ ಕೊಡಬೇಕು ಅಂತ ನಂಬಿದವರು. ಇನ್ನರ್ಧ ರಾತ್ರಿ ದಾವಣಗೆರೆ ಬಸ್ಸಿನಲ್ಲಿ ಹೊಳೆಯಿತು. ಇಸ್ಪೀಟಿನಲ್ಲಿ ಮೂರು ಸೋಲು ನಾಲ್ಕನೆಯದರ ಬಗ್ಗೆ ಏನೂ ಹೇಳುವುದಿಲ್ಲ, ನಿಜ. ಆದರೆ ನೆಲವನ್ನು ಯಾರೂ ಕಲಸುವುದಿಲ್ಲವಲ್ಲ! ಅದು ರಮ್ಮಿ ಇದ್ದ ಹಾಗೆ: ನಮಗೆ ಬೇಕಾದ ಎಲೆ ಬೇರೆಯವರ ಕೈಗೆ ಹೋದದ್ದನ್ನು ಕಂಡ ಮೇಲೆ ಅದಕ್ಕೇ ಕಾಯುತ್ತಾ ಕೂರಬಾರದು. ನಮ್ಮ ಕಡೆ ಕೆಳಗೆಲ್ಲಾ ಗಟ್ಟಿ ಬಂಡೆ, ನೀರು ಇರುವುದು ಬಿರುಕಿನಲ್ಲಿ ಮಾತ್ರ. ಅದೇ ಎರಡೆಕರೆಯಲ್ಲಿ ಮೂರು ಕಡೆ ಬರೀ ಧೂಳು ಬಂದಿದ್ದರೆ ನಾಲ್ಕನೆಯದರ ಆಸೆ ಕಮ್ಮಿ ಆಗಬೇಕು, ಜಾಸ್ತಿ ಅಲ್ಲ.

ನಿನ್ನೆ ಅತ್ತೆ ಫೋನ್ ಮಾಡಿದ್ದರು. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವನು ಬಂದು ಹೋದನಂತೆ, ಸೋಮವಾರ ಬೋರ್ ಲಾರಿ ಬರುತ್ತದಂತೆ. "ಇಸ್ಪೀಟಿನ ಲೆಕ್ಕ ಹೇಳಿದ್ಯಲ್ಲವ್ವ, ಬೋರಿಂದೂ ಏನಾದ್ರೂ ಲೆಕ್ಕ ಐತಾ?" ಅಂತ ಮೆಲ್ಲಗೆ ಕೇಳಿದರು, ಪಕ್ಕದಲ್ಲಿ ಮಾವ ಇದ್ದರು ಅನ್ನಿಸುತ್ತದೆ.

ಐತೆ ಅತ್ತೆ, ಭಾನುವಾರ ಬರ್ತೀನಿ ಅಂದೆ.