ಡೌನ್ ಪೇಮೆಂಟ್‌ಗೆ ಎಷ್ಟು ಕೂಡಿಡಬೇಕು? ಕೊನೆಯಿಂದ ಲೆಕ್ಕ ಹಾಕಿ

ಮನೆ ಕೊಳ್ಳುವ ಯೋಚನೆಯಲ್ಲಿರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು: "ಡೌನ್ ಪೇಮೆಂಟ್‌ಗೆ ಶೇ 20 ಸೇರಿಸಿದರೆ ಸಾಕಲ್ವಾ?" ಡೌನ್ ಪೇಮೆಂಟ್ ಅಂದರೆ ಮನೆಯ ಬೆಲೆಯಲ್ಲಿ ಸಾಲ ಬಿಟ್ಟು ನಾವೇ ಕೈಯಿಂದ ಹಾಕುವ ಪಾಲು. ಶೇ 20 ಕೆಲವರಿಗೆ ಸಾಕು, ಕೆಲವರಿಗೆ ಸಾಲದು. ಅದಕ್ಕೇ ನಾನು ತಿರುಗಿ ಕೇಳುತ್ತೇನೆ: ಬೀಗದ ಕೈ ಸಿಕ್ಕ ಮರುದಿನ ನಿಮ್ಮ ಖಾತೆಯಲ್ಲಿ ಎಷ್ಟು ದುಡ್ಡು ಉಳಿದಿರಬೇಕು? ಡೌನ್ ಪೇಮೆಂಟ್ ಎಷ್ಟು ಅನ್ನುವುದನ್ನು ಆ ಮೊತ್ತ ತೀರ್ಮಾನಿಸಬೇಕು.

ಶೇ 20 ಅನ್ನುವುದು ಸಾಲ ಕೊಡುವವರು ತಮ್ಮ ಭದ್ರತೆಗೆ ಎಳೆದುಕೊಂಡ ಗೆರೆ. ಭಾರತದಲ್ಲಿ ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲಕ್ಕೆ ಮನೆಯ ಮೌಲ್ಯದ ಶೇ 90, 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲಾದರೆ ಶೇ 75 ಮಿತಿ. ಕೆನಡಾದಲ್ಲಿ ಶೇ 20ಕ್ಕಿಂತ ಕಡಿಮೆ ಹಾಕಿದರೆ ಸಾಲಕ್ಕೆ ವಿಮೆ ಮಾಡಿಸಲೇಬೇಕು. ಅದರ ಖರ್ಚು ಕೊಳ್ಳುವವರದು, ರಕ್ಷಣೆ ಸಾಲ ಕೊಟ್ಟವರಿಗೆ. ಮನೆ ಬೆಲೆ ಬಿದ್ದರೂ ಕೊಟ್ಟ ಸಾಲ ಮುಳುಗಬಾರದು ಅನ್ನುವುದು ಇವೆಲ್ಲದರ ಹಿಂದಿನ ಲೆಕ್ಕ. ಇದು ನಿಮಗೂ ಮುಖ್ಯವೇ. ಶೇ 5 ಮಾತ್ರ ಹಾಕಿ ಕೊಂಡ ಮನೆಯ ಬೆಲೆ ಶೇ 10 ಇಳಿದರೆ, ಮಾರಿದರೂ ಸಾಲ ತೀರದು. 2008ರ ಸುಮಾರಿಗೆ ಅಮೆರಿಕದಲ್ಲಿ ಲಕ್ಷಾಂತರ ಕುಟುಂಬಗಳು ಸಿಕ್ಕಿಬಿದ್ದದ್ದು ಇಂಥ ಸ್ಥಿತಿಯಲ್ಲೇ. ಆದರೆ ನಿಮ್ಮ ಕೆಲಸ ಹೋದರೆ, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಏನು ಗತಿ ಅನ್ನುವ ಪ್ರಶ್ನೆ ಆ ಗೆರೆಯೊಳಗೆ ಬರುವುದೇ ಇಲ್ಲ. ಅದನ್ನು ಯೋಚಿಸಬೇಕಾದವರು ನೀವೇ.

ಹಾಗಾಗಿ ಕೂಡಿಟ್ಟ ದುಡ್ಡಿನಲ್ಲಿ ಮೊದಲು ಪಕ್ಕಕ್ಕೆ ತೆಗೆದಿಡಬೇಕಾದ್ದು ಆಪತ್ತಿನ ಹಣ. ಆರು ತಿಂಗಳ ಮನೆಖರ್ಚು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇಲ್ಲಿ ಬಹಳ ಜನ ಎಡವುವುದು, ಈಗಿನ ಖರ್ಚಿನಿಂದ ಆ ಆರು ತಿಂಗಳನ್ನು ಲೆಕ್ಕ ಹಾಕುವುದರಲ್ಲಿ. ಮನೆ ಕೊಂಡ ಮೇಲೆ ಬಾಡಿಗೆ ಹೋಗಿ ಅದಕ್ಕಿಂತ ದೊಡ್ಡ ಕಂತು ಬಂದು ಕೂತಿರುತ್ತದೆ. ಲೆಕ್ಕಕ್ಕೆ ಆ ಹೊಸ ಖರ್ಚನ್ನೇ ಹಿಡಿಯಬೇಕು. ಒಬ್ಬರ ಸಂಬಳದಲ್ಲೇ ಸಂಸಾರ ನಡೆಯುತ್ತಿದ್ದರೆ ಆರು ತಿಂಗಳೂ ಕಡಿಮೆ ಅನ್ನುತ್ತೇನೆ.

ಆಮೇಲೆ ಕೊಳ್ಳುವ ಕೆಲಸಕ್ಕೇ ತಗಲುವ ಖರ್ಚು: ಮುದ್ರಾಂಕ ಶುಲ್ಕ, ನೋಂದಣಿ, ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಫೀ. ಸಾಮಾನ್ಯವಾಗಿ ಇವೆಲ್ಲ ಕೈಯಿಂದಲೇ ಹೋಗಬೇಕು. ಹೊಸ ಮನೆಗೆ ಬೇಕಾಗುವ ಫ್ಯಾನು, ಕಿಟಕಿ ಪರದೆ, ಸಾಮಾನು ಸಾಗಿಸುವ ಬಾಡಿಗೆ ಕೂಡ ಇದೇ ಗಂಟಿನಿಂದ.

ಇನ್ನೊಂದು ಸಂಗತಿ ಬಹಳ ಜನರಿಗೆ ತಡವಾಗಿ ತಿಳಿಯುತ್ತದೆ. ಬ್ಯಾಂಕು ಸಾಲ ಕೊಡುವುದು ನೀವು ಒಪ್ಪಿಕೊಂಡ ಬೆಲೆಯ ಮೇಲಲ್ಲ. ಆ ಬೆಲೆ ಮತ್ತು ತನ್ನ ಮೌಲ್ಯಮಾಪಕರು ಕಟ್ಟಿದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. ನೀವು 100ಕ್ಕೆ ಮಾತಾಡಿದ ಮನೆಗೆ ಅವರು 92 ಅಂದರೆ, ಶೇ 80ರ ಲೆಕ್ಕದಲ್ಲಿ ಸಿಗುವ ಸಾಲ 73.6. ಇಪ್ಪತ್ತು ಹೊಂದಿಸಿಕೊಂಡು ಹೋದವರು ಈಗ 26.4 ತರಬೇಕು. ಆ ಕೊರತೆ ತುಂಬಲು ಅವಸರದಲ್ಲಿ ಪರ್ಸನಲ್ ಲೋನ್ ತೆಗೆದರೆ, ಮೊದಲ ತಿಂಗಳಿಂದಲೇ ಎರಡು ಕಂತು ಕಟ್ಟಬೇಕಾಗುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಇದಿಷ್ಟು ಕಳೆದ ಮೇಲೆ ಉಳಿದದ್ದು ಡೌನ್ ಪೇಮೆಂಟ್. ಅದು ಬ್ಯಾಂಕು ಕೇಳುವ ಕನಿಷ್ಠ ಮೊತ್ತಕ್ಕಿಂತ ಹೆಚ್ಚಿದ್ದರೆ, ಹೆಚ್ಚಿನದನ್ನೂ ಹಾಕಿ ಸಾಲ ಇಳಿಸುವುದೇ ಜಾಣತನ ಅನ್ನಿಸುತ್ತದೆ. ಲೆಕ್ಕ ಮಾಡಿ ನೋಡಿ. ವರ್ಷಕ್ಕೆ ಶೇ 9 ಬಡ್ಡಿ, 20 ವರ್ಷದ ಅವಧಿಯಾದರೆ 1 ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು 900. ಕೊನೆಯವರೆಗೆ ಕಟ್ಟಿದರೆ ಒಟ್ಟು ಸುಮಾರು 2.16 ಲಕ್ಷ. ಒಂದು ಲಕ್ಷ ಹೆಚ್ಚು ಹಾಕಿದರೆ ಬಡ್ಡಿ ಉಳಿತಾಯ ದೊಡ್ಡದೇ, ಆ ಮಾತು ನಿಜ. ಆದರೆ ಕೈಯಿಂದ ಇವತ್ತು ಒಂದು ಲಕ್ಷ ಹೋಗಿ, ತಿಂಗಳಿಗೆ ಹಗುರವಾಗುವುದು 900 ಮಾತ್ರ. ಹಾಕಿದ ಮೊತ್ತ ಹೀಗೆ ಕೈಗೆ ಮರಳಲು ಒಂಬತ್ತು ವರ್ಷಕ್ಕೂ ಹೆಚ್ಚು ಬೇಕು. ನಡುವೆ ಆಸ್ಪತ್ರೆಗೆ ದುಡ್ಡು ಬೇಕಾದರೆ ಗೋಡೆ ಕೆರೆದರೆ ಬರುವುದಿಲ್ಲ. ಹೊಸದಾಗಿ, ಹೆಚ್ಚಿನ ಬಡ್ಡಿಗೆ ಸಾಲ ಎತ್ತಬೇಕಾಗಬಹುದು. ಕಂತು ನಿಮ್ಮ ಸಂಬಳಕ್ಕೆ ತೀರಾ ಭಾರವಾಗಿದ್ದರೆ ಮಾತ್ರ ಹೆಚ್ಚು ಹಾಕಿ. ಆಪತ್ತಿನ ಹಣಕ್ಕೆ ಕೈ ಹಾಕದೆ ಕಂತು ಇಳಿಯುವುದೇ ಇಲ್ಲ ಅಂತಾದರೆ ಆ ಮನೆ ನಿಮಗೆ ದುಬಾರಿ. ಚಿಕ್ಕ ಮನೆ ನೋಡಿ, ಇಲ್ಲವೇ ಇನ್ನಷ್ಟು ಕಾಲ ಕೂಡಿಡಿ.

ಕಂತು ಭಾರವೋ ಅಲ್ಲವೋ ಅಂತ ಕೊಳ್ಳುವ ಮೊದಲೇ ಪರೀಕ್ಷಿಸಬಹುದು. ಈಗಿನ ಬಾಡಿಗೆ 20,000, ಬರಲಿರುವ ಕಂತು 45,000 ಅಂದುಕೊಳ್ಳಿ. ಸಂಬಳ ಬಂದ ದಿನವೇ 25,000 ಬೇರೆ ಖಾತೆಗೆ ಹಾಕುತ್ತಾ ಒಂದು ವರ್ಷ ಬದುಕಿ ನೋಡಿ. ನಿಭಾಯಿಸಿದರೆ 3 ಲಕ್ಷವೂ ಸೇರಿತು, ಧೈರ್ಯವೂ ಬಂತು. ನಾಲ್ಕನೇ ತಿಂಗಳಿಗೇ ಅದರಿಂದ ತೆಗೆಯುವ ಹಾಗಾದರೆ, ಸಾಲದ ಕಾಗದಕ್ಕೆ ಸಹಿ ಬೀಳುವ ಮೊದಲೇ ಗೊತ್ತಾಯಿತಲ್ಲ, ಒಳ್ಳೆಯದೇ.

"ಹಾಗಾದರೆ ನಿಧಾನವಾಗಿ ಕೂಡಿಡುತ್ತೇವೆ" ಅನ್ನುವವರು ಮನೆಯ ಬೆಲೆಯೂ ಓಡುತ್ತಿರುತ್ತದೆ ಅನ್ನುವುದನ್ನು ಮರೆಯಬಾರದು. ವರ್ಷಕ್ಕೆ ಶೇ 6ರಂತೆ ಏರಿದರೆ ಇಂದು 20 ಇರುವ ಡೌನ್ ಪೇಮೆಂಟ್ ಐದು ವರ್ಷಕ್ಕೆ 27ರ ಹತ್ತಿರ ಹೋಗುತ್ತದೆ. ಗುರಿಯನ್ನು ವರ್ಷಕ್ಕೊಮ್ಮೆ ತಿದ್ದಿಕೊಳ್ಳಿ. ಅದನ್ನು ಹಿಡಿಯುವ ಆಸೆಗೆ, ಎರಡು ಮೂರು ವರ್ಷದಲ್ಲಿ ಬೇಕಾಗುವ ದುಡ್ಡನ್ನು ಷೇರಿನಲ್ಲಿ ಇಡಬೇಡಿ. 2020ರ ಫೆಬ್ರವರಿ-ಮಾರ್ಚ್‌ನಲ್ಲಿ ಅಮೆರಿಕದ ಎಸ್ ಆಂಡ್ ಪಿ 500 ಸೂಚ್ಯಂಕ ಐದು ವಾರದೊಳಗೆ ಮೂರನೇ ಒಂದು ಭಾಗ ಕುಸಿದಿತ್ತು. ನೋಂದಣಿಯ ದಿನಾಂಕ ಅಂಥ ವಾರದಲ್ಲೇ ಬಂದರೆ ಮಾರುಕಟ್ಟೆ ಚೇತರಿಸಿಕೊಳ್ಳುವವರೆಗೆ ಯಾರೂ ಕಾಯುವುದಿಲ್ಲ. ಎಫ್‌ಡಿ, ಆರ್‌ಡಿ ಸಾಕು.

ಆಪತ್ತಿನ ಹಣ ತೆಗೆದಿಟ್ಟ ಮೇಲೂ ಕೈಯಲ್ಲಿ ಮಿಕ್ಕಿದ್ದು ಬರೀ ಹಾಗೇ ಕೂತಿರಬೇಕಿಲ್ಲ. ಮನೆಗೆ ಹೋಗಿ ಒಂದು ವರ್ಷ ಖರ್ಚಿನ ಹದ ಸಿಕ್ಕ ಮೇಲೆ, ಅದನ್ನು ಅಸಲಿಗೆ ಕಟ್ಟಿ ಸಾಲ ಇಳಿಸಬಹುದು. ಭಾರತದಲ್ಲಿ ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ಕಟ್ಟಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಬೇರೆ ದೇಶದಲ್ಲಿದ್ದರೆ, ಅಥವಾ ನಿಮ್ಮದು ಸ್ಥಿರ ಬಡ್ಡಿಯ ಸಾಲವಾಗಿದ್ದರೆ, ಮುಂಚಿತ ಪಾವತಿಯ ಷರತ್ತು ಏನಿದೆ ಅಂತ ಸಹಿ ಹಾಕುವ ಮೊದಲೇ ಬ್ಯಾಂಕಿನವರಿಂದ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.