ಅದೇ ದಿನ ಹಲ್ಲು: ಒಂಟಿ ಇಂಪ್ಲಾಂಟಿನ ಮೇಲೆ ಯಾವಾಗ, ಎಷ್ಟು ಭಾರ

"ಡಾಕ್ಟ್ರೇ, ಬೆಳಿಗ್ಗೆ ಇಂಪ್ಲಾಂಟ್ ಹಾಕಿ ಸಂಜೆಗೆ ಹಲ್ಲು ಕೊಡ್ತಾರಂತಲ್ಲ, ನೀವ್ಯಾಕೆ ನಾಲ್ಕು ತಿಂಗಳು ಅಂತೀರಿ?" ಎಂಬ ಪ್ರಶ್ನೆ ಈಚೆಗೆ ನನ್ನ ಕ್ಲಿನಿಕ್ಕಿಗೆ ಬರುವ ಬಹುತೇಕರ ಬಾಯಲ್ಲಿದೆ. ಇಂಪ್ಲಾಂಟ್ ಎಂದರೆ ಹೋದ ಹಲ್ಲಿನ ಬೇರಿನ ಬದಲಿಗೆ ದವಡೆಯ ಮೂಳೆಯೊಳಗೆ ತಿರುಗಿಸಿ ಕೂರಿಸುವ ಟೈಟಾನಿಯಂ ಸ್ಕ್ರೂ; ಹಲ್ಲನ್ನು ಅದರ ಮೇಲೆ ಕಟ್ಟುತ್ತೇವೆ. ರಸ್ತೆ ಬದಿಯ ಫ್ಲೆಕ್ಸಿನಲ್ಲಿ, ಮೊಬೈಲಿನ ರೀಲುಗಳಲ್ಲಿ ಇದನ್ನು ನೋಡಿಕೊಂಡೇ ಅವರು ಬಂದಿರುತ್ತಾರೆ. ಸಂಜೆಗೆ ಹಲ್ಲು ಕೊಡುವುದು ಸುಳ್ಳೇನಲ್ಲ. ಬಾಯಿ ಅದಕ್ಕೆ ಒಪ್ಪುವಂತಿದ್ದರೆ ನಾನೂ ಕೊಡುತ್ತೇನೆ. ಆದರೆ ಹಾಗೆ ಕೊಡುವ ಹಲ್ಲು ನಾಲ್ಕು ಜನರ ಎದುರು ಬಾಯಿ ತೆರೆಯಲಿಕ್ಕೆ ಮತ್ತು ಒಸಡಿನ ಆಕಾರ ಉಳಿಸಿಕೊಳ್ಳಲಿಕ್ಕೆ ಮಾತ್ರ, ಅದರಿಂದ ಕಚ್ಚುವಂತಿಲ್ಲ. ಈ ಎರಡನೆಯ ಮಾತು ಫ್ಲೆಕ್ಸಿನಲ್ಲಿ ಇರುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕಾಯುವುದು ಹಳೆಯ ಪದ್ಧತಿ, ಕಾಯದೆ ಹಲ್ಲು ಕೂರಿಸುವುದು ಹೊಸ ತಂತ್ರಜ್ಞಾನ ಎಂದು ಹೆಚ್ಚಿನವರು ತಿಳಿದಿದ್ದಾರೆ. ನಡೆದದ್ದು ಇದಕ್ಕೆ ತಿರುಗುಮುರುಗು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಲಿಯೊನಾರ್ಡ್ ಲಿಂಕೋ ಬಳಕೆಗೆ ತಂದ, ಅಲಗಿನಂತೆ ಚಪ್ಪಟೆಯಾದ ಬ್ಲೇಡ್ ಇಂಪ್ಲಾಂಟುಗಳ ಮೇಲೆ ಹೆಚ್ಚು ಕಾಯದೆ ಹಲ್ಲು ಕಟ್ಟುತ್ತಿದ್ದರು. ಹಾಗೆ ಕಟ್ಟಿದ ಅನೇಕ ಇಂಪ್ಲಾಂಟುಗಳ ಸುತ್ತ ಮೂಳೆಗೆ ಬದಲಾಗಿ ನಾರಿನಂಥ ಅಂಗಾಂಶ ಬೆಳೆಯುತ್ತಿತ್ತು. ಹುಟ್ಟಿದ ಹಲ್ಲಿನ ಬೇರಿನ ಸುತ್ತಲೂ ಒಂದು ತಂತುಪೊರೆ ಇರುತ್ತದಲ್ಲವೇ, ಇದೂ ಅಂಥದ್ದೇ ಎಂದು ಸಮರ್ಥಿಸಿದವರೂ ಇದ್ದರು. ಅತ್ತ ಸ್ವೀಡನ್ನಿನಲ್ಲಿ ಪರ್-ಇಂಗ್ವಾರ್ ಬ್ರೊನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯೊಳಗೆ ರಕ್ತಸಂಚಾರವನ್ನು ನೋಡಲು ಟೈಟಾನಿಯಂನ ಪುಟ್ಟ ಉಪಕರಣವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಹೋದರೆ ಮೂಳೆ ಬಿಟ್ಟುಕೊಡಲಿಲ್ಲ. ಅದರ ಜಾಡು ಹಿಡಿದು ಅವರು 1965ರಲ್ಲಿ ಯೊಸ್ಟಾ ಲಾರ್ಸನ್ ಎಂಬವರ ಕೆಳದವಡೆಗೆ ಟೈಟಾನಿಯಂ ಇಂಪ್ಲಾಂಟುಗಳನ್ನು ಹಾಕಿದರು. ಲಾರ್ಸನ್ ನಲವತ್ತು ವರ್ಷ ಕಳೆದ ಮೇಲೂ ಅವುಗಳಲ್ಲೇ ಊಟ ಮಾಡುತ್ತಿದ್ದರು. ಬ್ರೊನೆಮಾರ್ಕ್ ವಿಧಾನದಲ್ಲಿ ಇಂಪ್ಲಾಂಟನ್ನು ಒಸಡಿನ ಕೆಳಗೆ ಪೂರ್ತಿ ಹುದುಗಿಸಿ ಹೊಲಿದು, ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು, ಮೇಲ್ದವಡೆಯಲ್ಲಿ ಆರು ತಿಂಗಳು ಮುಟ್ಟದೆ ಬಿಟ್ಟು, ಆಮೇಲೆ ತೆರೆದು ಹಲ್ಲು ಕಟ್ಟಬೇಕಿತ್ತು. ಈ ಫಲಿತಾಂಶಗಳನ್ನು ಮುಂದಿಟ್ಟ 1982ರ ಟೊರಾಂಟೊ ಸಮ್ಮೇಳನದ ಬಳಿಕ ಜಗತ್ತೆಲ್ಲ ಅದನ್ನೇ ಅನುಸರಿಸಿತು. ಅಂದರೆ ಇಂಪ್ಲಾಂಟ್ ಎಂಬುದು ನಂಬಿಕೆಯ ಚಿಕಿತ್ಸೆ ಎನಿಸಿಕೊಂಡದ್ದೇ ಕಾಯಲು ಕಲಿತ ಮೇಲೆ.

ಆ ಮೂರು ಮತ್ತು ಆರು ತಿಂಗಳುಗಳು ಅನುಭವದಿಂದ, ಎಚ್ಚರಿಕೆಗಾಗಿ ಇಟ್ಟುಕೊಂಡ ಗಡುವೇ ಹೊರತು ಮೂಳೆಯೇ ಹಾಕಿಕೊಟ್ಟ ಲೆಕ್ಕವಲ್ಲ. ಆಗಿನ ಇಂಪ್ಲಾಂಟುಗಳ ಮೈ ನುಣುಪಾಗಿತ್ತು. ಮುಂದೆ ಮರಳು ಸಿಡಿಸಿ ಆಮ್ಲದಲ್ಲಿ ಅದ್ದಿ ಒರಟು ಮಾಡಿದ ಮೈಗಳು ಬಂದ ಮೇಲೆ ಮೂಳೆ ಬೇಗ ಹಿಡಿಯತೊಡಗಿತು, ಕಾಯುವ ಅವಧಿಯೂ ಇಳಿಯಿತು. ಈಗ ಸಾಮಾನ್ಯವಾಗಿ ಒಂದು ವಾರದೊಳಗೆ ಹಲ್ಲು ಕೂರಿಸಿದರೆ ತಕ್ಷಣದ್ದು, ವಾರದಿಂದ ಎರಡು ತಿಂಗಳೊಳಗಾದರೆ ಬೇಗನೆಯದು, ಎರಡು ತಿಂಗಳು ದಾಟಿದರೆ ವಾಡಿಕೆಯದು ಎಂದು ಲೆಕ್ಕ ಹಿಡಿಯುತ್ತಾರೆ.

ಮೂಳೆಯ ಮಟ್ಟಿಗೆ ಇಂಪ್ಲಾಂಟಿನ ಶತ್ರು ಕಚ್ಚುವಾಗ ಬೀಳುವ ಭಾರವಲ್ಲ, ಅದರಿಂದಾಗುವ ಅಲುಗಾಟ. ಹೊಸದಾಗಿ ಹಾಕಿದ ಇಂಪ್ಲಾಂಟು ಅಗಿಯುವಾಗ ಮೂಳೆಯೊಳಗೆ ಒಂದೆರಡು ಕೂದಲೆಳೆಗಿಂತ ಹೆಚ್ಚು ಸರಿಯಬಾರದು: ಸುಮಾರು 50ರಿಂದ 150 ಮೈಕ್ರಾನ್‌ವರೆಗಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸರಿದಾಟವನ್ನು ಮೂಳೆ ತಾಳಿಕೊಳ್ಳುತ್ತದೆ, ಅದನ್ನು ಮೀರಿದರೆ ಆ ಜಾಗದಲ್ಲಿ ಮೂಳೆಕೋಶಗಳ ಬದಲು ನಾರು ಬೆಳೆಯುತ್ತದೆ ಎಂಬುದು ಪ್ರಾಣಿಗಳ ಮೇಲಿನ ಅಧ್ಯಯನಗಳಿಂದ ತಿಳಿದುಬಂದ ಸಂಗತಿ. ನೆಟ್ಟ ಸಸಿಯನ್ನು ದಿನವೂ ಅಲ್ಲಾಡಿಸಿ ನೋಡುವವನ ತೋಟದಲ್ಲಿ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ.

ಪೂರ್ತಿ ಹಲ್ಲಿಲ್ಲದ ದವಡೆಗೆ ನಾಲ್ಕೋ ಆರೋ ಇಂಪ್ಲಾಂಟ್ ಹಾಕಿ ಅದೇ ದಿನ ಸೆಟ್ಟು ಬಿಗಿದು ಕಳಿಸುವುದನ್ನು ನೋಡಿದವರು, ಅಷ್ಟು ದೊಡ್ಡದೇ ಆಗುವಾಗ ಒಂದು ಹಲ್ಲು ಯಾವ ಲೆಕ್ಕ ಎಂದು ಕೇಳುತ್ತಾರೆ. ಆ ಸೆಟ್ಟಿನಲ್ಲಿ ಇಂಪ್ಲಾಂಟುಗಳು ಒಂದಕ್ಕೊಂದು ಬಿಗಿದುಕೊಂಡು ಕಮಾನಿನಂತೆ ನಿಂತಿರುತ್ತವೆ. ಎಡಗಡೆ ಕಚ್ಚಿದರೆ ಬಲಗಡೆಯವು ಹಿಡಿದುಕೊಳ್ಳುತ್ತವೆ. ಒಂಟಿ ಇಂಪ್ಲಾಂಟಿಗೆ ಆಸರೆ ಯಾರೂ ಇಲ್ಲ. ಪಕ್ಕದ ಹುಟ್ಟು ಹಲ್ಲಿಗೆ ಕಟ್ಟಿಹಾಕೋಣವೆಂದರೆ, ಆ ಹಲ್ಲು ತನ್ನ ತಂತುಪೊರೆಯ ಮೇಲೆ ತಾನೇ ಸ್ವಲ್ಪ ಕುಗ್ಗಿ ಏಳುತ್ತಿರುತ್ತದೆ, ಅದರ ಜೊತೆಗೆ ಇದನ್ನೂ ಎಳೆದಾಡುತ್ತದೆ. ಹಾಗಾಗಿ ಒಂಟಿ ಹಲ್ಲಿನ ಮಟ್ಟಿಗೆ ಉಳಿದಿರುವ ದಾರಿ ಒಂದೇ: ಹಲ್ಲು ಕೂರಿಸಬೇಕು, ಅದಕ್ಕೆ ಎದುರು ಹಲ್ಲು ತಾಗದಂತೆಯೂ ನೋಡಿಕೊಳ್ಳಬೇಕು. ತಕ್ಷಣ ಭಾರ ಎಂದು ಜಾಹೀರಾತು ಹೇಳುವ ಚಿಕಿತ್ಸೆಯಲ್ಲಿ ನಾವು ಪಡುವ ಶ್ರಮವೆಲ್ಲ ಭಾರವನ್ನು ತಪ್ಪಿಸಲಿಕ್ಕಾಗಿಯೇ.

ಅದು ಹೇಗೆ ನಡೆಯುತ್ತದೆ ಎನ್ನುವುದಕ್ಕೆ ಮೇಲಿನ ನಡು ಬಾಚಿಹಲ್ಲಿನ ಒಂದು ಪ್ರಕರಣವನ್ನೇ ಹೇಳುತ್ತೇನೆ. ಹೈಸ್ಕೂಲಿನ ಟೀಚರ್ ಒಬ್ಬರಿಗೆ ಬಹಳ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದ ಮುಂದಿನ ಹಲ್ಲು ಒಸಡಿನ ಮಟ್ಟಕ್ಕೆ ಮುರಿದಿತ್ತು. ಕೀವಿರಲಿಲ್ಲ, ಸಿಬಿಸಿಟಿ ಸ್ಕ್ಯಾನಿನಲ್ಲಿ (ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಎಕ್ಸ್-ರೇ) ತುಟಿಯ ಕಡೆಯ ಮೂಳೆಯ ಗೋಡೆ ತೆಳುವಾಗಿದ್ದರೂ ಪೂರ್ತಿ ಉಳಿದಿತ್ತು. ಈ ಗೋಡೆಯೇ ಮುಂದಿನ ಹಲ್ಲಿನ ಎಲ್ಲ ತೀರ್ಮಾನಗಳ ಮೂಲ. ಹೆಚ್ಚಿನವರಲ್ಲಿ ಅದರ ದಪ್ಪ ಒಂದು ಮಿಲಿಮೀಟರೂ ಇರುವುದಿಲ್ಲ, ಹಲ್ಲು ಹೋದ ಮೇಲೆ ಅದು ಕರಗಿ ಒಳಕ್ಕೆ ಕುಸಿಯುತ್ತದೆ, ಇಂಪ್ಲಾಂಟ್ ಹಾಕಿದ ಮಾತ್ರಕ್ಕೆ ಕರಗುವುದು ನಿಲ್ಲುವುದಿಲ್ಲ. ಅದಕ್ಕಾಗಿ ಬೇರನ್ನು ಇಕ್ಕಳದಿಂದ ತಿರುಚಿ ಎಳೆಯುವ ಹಾಗಿಲ್ಲ. ಪೆರಿಯೊಟೋಮ್ ಎಂಬ ತೆಳ್ಳನೆಯ ಅಲಗನ್ನು ಬೇರಿನ ಸುತ್ತ ಇಳಿಸುತ್ತ, ತಂತುಗಳನ್ನು ಬಿಡಿಸುತ್ತ, ತಾಳ್ಮೆಯಿಂದ ಎತ್ತಬೇಕು. ಆಮೇಲೆ ಇಂಪ್ಲಾಂಟನ್ನು ಬೇರಿನ ಗುಳಿಯ ನಡುವೆ ಕೂರಿಸದೆ ಅಂಗುಳಿನ ಕಡೆಯ ಗೋಡೆಗೆ ಒತ್ತಿ, ಬೇರಿನ ತುದಿಗಿಂತ ಆಚೆಗಿರುವ ಗಟ್ಟಿ ಮೂಳೆಯನ್ನು ಕಚ್ಚುವಂತೆ ಇಳಿಸಬೇಕು. ತುಟಿಯ ಕಡೆ ಉಳಿಯುವ ಎರಡು ಮಿಲಿಮೀಟರಿನಷ್ಟು ಸಂದಿಗೆ ಮೂಳೆಪುಡಿ ತುಂಬುತ್ತೇವೆ.

ಇಂಪ್ಲಾಂಟ್ ಕೊನೆಯ ಸುತ್ತು ತಿರುಗುವಾಗ ಟಾರ್ಕ್, ಅಂದರೆ ತಿರುಗಿಸಲು ಬೇಕಾದ ಬಲ, ಅಳೆಯುವ ರೆಂಚಿನ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದೇ ಸಂಜೆಗೆ ಹಲ್ಲು ಉಂಟೋ ಇಲ್ಲವೋ ಎಂಬುದನ್ನು ಹೇಳುವುದು. ಸಾಮಾನ್ಯವಾಗಿ 35 ನ್ಯೂಟನ್ ಸೆಂಟಿಮೀಟರ್ ಅಥವಾ ಹೆಚ್ಚು ಬಂದರೆ ಮುಂದುವರಿಯುತ್ತೇನೆ. ಇಂಪ್ಲಾಂಟಿಗೆ ಪುಟ್ಟ ಕಡ್ಡಿಯೊಂದನ್ನು ತಿರುಗಿಸಿ, ಅದನ್ನು ಕಂಪಿಸಿ, ಮೂಳೆಯ ಹಿಡಿತವನ್ನು 1ರಿಂದ 100ರ ಅಳತೆಯಲ್ಲಿ ಹೇಳುವ ಯಂತ್ರವೂ ಇದೆ. ಅದರಲ್ಲಿ 70ರ ಆಸುಪಾಸು ಬಂದರೆ ಧೈರ್ಯ. ರೆಂಚಿನ ಮುಳ್ಳು 20ರಲ್ಲೇ ನಿಂತರೆ, ರೋಗಿ ಎಷ್ಟೇ ದೂರದ ಊರಿನಿಂದ ಬಂದಿರಲಿ, ಅಂದು ಇಂಪ್ಲಾಂಟಿನ ಮೇಲೆ ಹಲ್ಲಿಲ್ಲ. ಆದ್ದರಿಂದ ಅಪಾಯಿಂಟ್‌ಮೆಂಟ್ ಕೊಡುವಾಗಲೇ ಅದೇ ದಿನದ ಹಲ್ಲನ್ನು ಖಾತರಿಯಾಗಿ ಮಾರುವುದು ನನಗೆ ಸರಿಕಾಣುವುದಿಲ್ಲ. ಡ್ರಿಲ್ ಮೂಳೆಯೊಳಗೆ ಇಳಿಯುವ ಮುಂಚೆ ಅದನ್ನು ಯಾರೂ ಖಚಿತವಾಗಿ ಹೇಳಲಾರರು. ನಾನು ಎರಡಕ್ಕೂ ತಯಾರಿ ಮಾಡಿಕೊಂಡೇ ಕೂರುತ್ತೇನೆ: ಟಾರ್ಕ್ ಬರದಿದ್ದರೆ ಹಾಕಿ ಕಳಿಸಲು ಪಕ್ಕದ ಹಲ್ಲುಗಳಿಗೆ ಹಿಂಬದಿಯಿಂದ ಅಂಟಿಸುವ ಹಲ್ಲೊಂದು ಟ್ರೇಯಲ್ಲಿ ಸಿದ್ಧವಿರುತ್ತದೆ. ಹಲ್ಲಿಲ್ಲದೆ ಮನೆಗೆ ಹೋಗುವ ಪ್ರಸಂಗವೇ ಇಲ್ಲ ಎಂದು ಮೊದಲೇ ತಿಳಿದರೆ ರೋಗಿಗಳ ಒತ್ತಾಯವೂ ಅರ್ಧ ಕಡಿಮೆಯಾಗುತ್ತದೆ.

ಟೀಚರಿಗೆ ಟಾರ್ಕ್ ಚೆನ್ನಾಗಿ ಬಂತು. ತಾತ್ಕಾಲಿಕ ಹಲ್ಲನ್ನು ಸಿಮೆಂಟಿನಲ್ಲಿ ಅಂಟಿಸದೆ ಸ್ಕ್ರೂವಿನಿಂದ ಬಿಗಿದೆ. ಹಸಿ ಗಾಯದೊಳಗೆ ಸಿಮೆಂಟ್ ಜಾರಿ ಉಳಿದರೆ ಅದರ ತಂಟೆ ತಿಂಗಳುಗಟ್ಟಲೆ ಬಿಡದು. ಸ್ಕ್ರೂವಿನ ತಲೆಯ ಮೇಲೆ ಬಿಳಿ ಟೆಫ್ಲಾನ್ ಟೇಪು ತುರುಕಿ ಮೇಲೆ ಫಿಲ್ಲಿಂಗ್ ಮುಚ್ಚುತ್ತೇವೆ (ಹೌದು, ಪ್ಲಂಬರ್‌ಗಳು ನಲ್ಲಿಗೆ ಸುತ್ತುವಂಥದ್ದೇ ಟೇಪು, ಹಲ್ಲಿನ ಡಾಕ್ಟರ ಡ್ರಾಯರಿನಲ್ಲಿ ಅದನ್ನು ಕಂಡು ಅನುಮಾನಪಡಬೇಕಾಗಿಲ್ಲ). ಅತಿ ಹೆಚ್ಚು ಹೊತ್ತು ಹಿಡಿಯುವುದು ಇದಾದ ಮೇಲಿನ ಕೆಲಸ. ಎಂಟು ಮೈಕ್ರಾನ್ ದಪ್ಪದ ಶಿಮ್‌ಸ್ಟಾಕ್ ಎಂಬ ತಗಡಿನ ಪಟ್ಟಿಯನ್ನು ಹೊಸ ಹಲ್ಲಿಗೂ ಕೆಳಗಿನದಕ್ಕೂ ನಡುವೆ ಇಟ್ಟು, ಬಾಯಿ ಗಟ್ಟಿಯಾಗಿ ಕಚ್ಚಿಸಿ, ಎಳೆದು ನೋಡುತ್ತೇವೆ. ಪಕ್ಕದ ಹಲ್ಲುಗಳಲ್ಲಿ ಪಟ್ಟಿ ಸಿಕ್ಕಿಕೊಳ್ಳಬೇಕು, ಇಲ್ಲಿ ಮಾತ್ರ ಅಡೆತಡೆಯಿಲ್ಲದೆ ಜಾರಿ ಬರಬೇಕು. ಆಮೇಲೆ ಕೆಳದವಡೆಯನ್ನು ಮುಂದೆ ಚಾಚಿಸಿ, ಎಡಕ್ಕೂ ಬಲಕ್ಕೂ ಸರಿಸಿ, ನೀಲಿ ಕಾರ್ಬನ್ ಕಾಗದದ ಗುರುತು ಹೊಸ ಹಲ್ಲಿನ ಹಿಂಬದಿಯಲ್ಲಿ ಎಲ್ಲಿ ಮೂಡಿದರೂ ಉಜ್ಜಿ ತೆಗೆಯುತ್ತೇವೆ. ಮೇಲಿನ ಹಲ್ಲು ಕೆಳಗಿನವುಗಳನ್ನು ಪೂರಾ ಮುಚ್ಚಿಕೊಳ್ಳುವಷ್ಟು ಆಳವಾದ ಕಚ್ಚು ಇರುವವರಲ್ಲಿ, ರಾತ್ರಿ ಹಲ್ಲು ಕಡಿಯುವವರಲ್ಲಿ ಈ ಬಿಡುವು ಸಿಗುವುದೇ ಇಲ್ಲ. ಅಂಥವರಿಗೆ ಮೊದಲ ದಿನವೇ ಬೇಡ ಎಂದುಬಿಡುತ್ತೇನೆ. ಬೀಡಿ ಸಿಗರೇಟು ಬಿಡದವರಿಗೂ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೂ ಅದೇ ಉತ್ತರ.

ಇಷ್ಟೆಲ್ಲ ಮಾಡಿ ಕಳಿಸಿದ ಮೇಲೆ ಅಪಾಯದ ಕಾಲ ಇನ್ನೂ ಮುಂದಿರುತ್ತದೆ. ಮೊದಲ ದಿನ ಇಂಪ್ಲಾಂಟನ್ನು ಹಿಡಿದಿರುವುದು ಅದರ ಮೈಮೇಲಿನ ಸುರುಳಿ ಏಣುಗಳ ಬಿಗಿ, ಬರೀ ಯಾಂತ್ರಿಕ ಹಿಡಿತ. ಒತ್ತಡಕ್ಕೆ ಸಿಕ್ಕ ಆ ಹಳೆಯ ಮೂಳೆಯನ್ನು ದೇಹ ಕರಗಿಸುತ್ತ ಹೋಗುತ್ತದೆ, ಅದರ ಜಾಗದಲ್ಲಿ ಹೊಸ ಮೂಳೆ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಹಳೆಯ ಹಿಡಿತ ಇಳಿದು ಹೊಸದಿನ್ನೂ ಏರದ ನಡುಗಾಲ ಬರುವುದು ಸುಮಾರು ಮೂರು, ನಾಲ್ಕನೆಯ ವಾರಕ್ಕೆ. ಆ ಹೊತ್ತಿಗೆ ಊತ ಇಳಿದು, ನೋವು ಮರೆತು, ಹಲ್ಲು ತನ್ನದೇ ಎನಿಸತೊಡಗಿರುತ್ತದೆ. ಮೊದಲ ವಾರ ಗಂಜಿ, ಮೆದು ಅನ್ನ ಎಂದು ಪಥ್ಯ ಮಾಡಿದವರು ಮೂರನೆಯ ವಾರದ ಮದುವೆ ಮನೆಯಲ್ಲಿ ಚಕ್ಕುಲಿ ಕಚ್ಚುವುದು ಹೀಗೆ. ಹಾಗಾಗಿ ನಾನು ಆಸ್ಪತ್ರೆಯಿಂದ ಕಳಿಸುವಾಗ ಹೇಳುವುದಕ್ಕಿಂತ, ಮೂರನೆಯ ವಾರದ ಆರಂಭಕ್ಕೆ ಫೋನ್ ಮಾಡಿಸಿ ಹೇಳಿಸುವ ಮಾತೇ ಹೆಚ್ಚು ಉಪಯೋಗಕ್ಕೆ ಬಂದಿದೆ: ಮುಂದಿನ ಹಲ್ಲಿನಿಂದ ಏನನ್ನೂ ಹರಿಯಬೇಡಿ, ದಾರ ಕಡಿಯಬೇಡಿ, ಹಾಲಿನ ಪಾಕೀಟು ತೆರೆಯಬೇಡಿ, ನಾಲಿಗೆಯಿಂದ ಪದೇ ಪದೇ ತಳ್ಳಿ ನೋಡಬೇಡಿ.

ಇಷ್ಟು ಕಟ್ಟುನಿಟ್ಟಿದ್ದರೆ ಲಾಭವೇನು ಎಂದು ಕೇಳಬಹುದು. ತಿಂಗಳುಗಳೇನೂ ಉಳಿಯುವುದಿಲ್ಲ, ಶಾಶ್ವತ ಕ್ಯಾಪ್ ಬರುವುದು ಹೇಗೂ ಮೂರು ನಾಲ್ಕು ತಿಂಗಳ ಬಳಿಕವೇ. ನನ್ನ ಮಟ್ಟಿಗೆ ನಿಜವಾದ ಲಾಭ ಒಸಡಿನಲ್ಲಿದೆ. ಎರಡು ಹಲ್ಲುಗಳ ನಡುವಿನ ಮುಕ್ಕೋನದ ಒಸಡು ಒಮ್ಮೆ ಚಪ್ಪಟೆಯಾದರೆ ಅದನ್ನು ಮತ್ತೆ ಎಬ್ಬಿಸುವುದು ಕಷ್ಟ. ಅಲ್ಲಿ ಕಪ್ಪು ಸಂದಿ ಉಳಿದು, ಎಷ್ಟು ಚಂದದ ಸೆರಾಮಿಕ್ ಹಲ್ಲು ಇಟ್ಟರೂ ಕಟ್ಟಿಸಿದ್ದೆಂದು ದೂರದಿಂದಲೇ ಗೊತ್ತಾಗುತ್ತದೆ. ಬೇರು ತೆಗೆದ ದಿನವೇ ಅದೇ ಸುತ್ತಳತೆಯ ತಾತ್ಕಾಲಿಕ ಹಲ್ಲು ಕೂತರೆ ಒಸಡಿಗೆ ಆಸರೆ ತಪ್ಪುವುದಿಲ್ಲ. ಇದಾಗಬೇಕಾದರೆ ಪಕ್ಕದ ಹಲ್ಲುಗಳ ಮೂಳೆಯ ಮಟ್ಟವೂ ಚೆನ್ನಾಗಿರಬೇಕು, ಆ ಮಾತು ಬೇರೆ.

ದವಡೆ ಹಲ್ಲಿಗೆ ಬಂದರೆ ಈ ಲಾಭವೂ ಇಲ್ಲ. ಕೆಳಗಿನ ದವಡೆ ಹಲ್ಲು ಕೀಳಿಸಿಕೊಂಡ ಕಿರಾಣಿ ವ್ಯಾಪಾರಿಯೊಬ್ಬರು ತಮಗೂ ಅದೇ ದಿನ ಹಲ್ಲು ಬೇಕೆಂದು ಪಟ್ಟು ಹಿಡಿದಿದ್ದರು. ಉತ್ತರ ಕರ್ನಾಟಕದವರು, ಕಡಕ್ ರೊಟ್ಟಿಯ ಚಿಂತೆ ಅವರದು. ಅಲ್ಲಿ ಬೀಳುವ ಬಲ ಮುಂದಿನ ಹಲ್ಲಿಗಿಂತ ಮೂರು ನಾಲ್ಕು ಪಟ್ಟು, ಕಾಣುವುದಂತೂ ಯಾರಿಗೂ ಇಲ್ಲ. ಕಚ್ಚಲಾಗದ, ಕಾಣದ ಹಲ್ಲನ್ನು ಯಾತಕ್ಕೆ ಕೂರಿಸಬೇಕು? ಆಗುವುದೇ ಇಲ್ಲ ಎಂದಲ್ಲ, ಮಾಡುವವರಿದ್ದಾರೆ, ಕೆಳದವಡೆಯ ಗಟ್ಟಿ ಮೂಳೆಯಲ್ಲಿ ಟಾರ್ಕ್ ಧಾರಾಳವಾಗಿಯೇ ಸಿಗುತ್ತದೆ. ಆದರೆ ನಾನು ಇಂಪ್ಲಾಂಟಿನ ಬಾಯಿ ಮುಚ್ಚಿ ಒಸಡಿನ ಮಟ್ಟದಲ್ಲಿ ನಿಲ್ಲುವ ಹೀಲಿಂಗ್ ಕ್ಯಾಪ್ ಎಂಬ ಮುಚ್ಚಳ ಹಾಕಿ, ಇನ್ನೊಂದು ಕಡೆ ಅಗಿಯಲು ಹೇಳಿ ಕಳಿಸಿದೆ. ಎರಡನೆಯ ಸಲ ಒಸಡು ಕೊಯ್ಯುವುದಿಲ್ಲ ಎಂದಾಗ ಅವರೂ ಒಪ್ಪಿದರು.

ಸಂಶೋಧನೆಗಳು ಏನನ್ನುತ್ತವೆ ಎಂದು ಓದಿಕೊಂಡು ಬರುವವರೂ ಈಗ ಇದ್ದಾರೆ. ಹಲವು ಚಿಕಿತ್ಸಾ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದ 2013ರ ಕೊಕ್ರೇನ್ ಸಮೀಕ್ಷೆ, ತಕ್ಷಣ ಹಲ್ಲು ಕೂರಿಸಿದ್ದಕ್ಕೂ ಕಾದು ಕೂರಿಸಿದ್ದಕ್ಕೂ ಇಂಪ್ಲಾಂಟ್ ವಿಫಲವಾಗುವ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇದೆ ಎನ್ನಲು ಸಾಕಷ್ಟು ಪುರಾವೆ ಕಾಣಲಿಲ್ಲ. ಅದನ್ನು ಓದುವಾಗ ಒಂದನ್ನು ಗಮನಿಸಬೇಕು: ಇಂಥ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದು ಮೂಳೆ ಚೆನ್ನಾಗಿದ್ದು ಬಿಗಿ ಸಿಕ್ಕವರನ್ನೇ, ಟಾರ್ಕ್ ಬಾರದವರನ್ನು ಹೊರಗಿಟ್ಟಿರುತ್ತಾರೆ. ಆರಿಸಿಕೊಂಡವರಲ್ಲಿ ಎರಡೂ ಸಮ ಎಂಬುದು ಎಲ್ಲರಿಗೂ ಆಗುತ್ತದೆ ಎಂಬ ಮಾತಿಗೆ ಆಧಾರವಾಗದು.

ಟೀಚರ ಹಲ್ಲು ನಾಲ್ಕನೆಯ ತಿಂಗಳಿಗೆ ಬದಲಾಯಿತು. ತಾತ್ಕಾಲಿಕ ಹಲ್ಲು ರೂಪಿಸಿದ್ದ ಒಸಡಿನ ಗುಳಿಯ ಆಕಾರವನ್ನು ಅಳತೆಯಲ್ಲಿ ಹಾಗೆಯೇ ಹಿಡಿದು ಲ್ಯಾಬಿಗೆ ಕಳಿಸಬೇಕು. ಸ್ಕ್ರೂ ಬಿಚ್ಚಿ ಕೆಲವು ನಿಮಿಷ ಬಿಟ್ಟರೆ ಸಾಕು, ಒಸಡು ಒಳಗೆ ಬಾಗಿ ಅಳತೆ ತಪ್ಪುತ್ತದೆ. ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್ಕಿನ ಶಾಶ್ವತ ಕ್ಯಾಪ್ ಬಂದ ಮೇಲೆ ಮೊದಲ ಬಾರಿಗೆ ಆ ಹಲ್ಲಿಗೆ ಎದುರು ಹಲ್ಲು ತಾಗಲು ಬಿಟ್ಟೆವು, ಅದೂ ಗಟ್ಟಿಯಾಗಿ ಕಚ್ಚಿದಾಗ ಮಾತ್ರ ಮೆಲ್ಲಗೆ ತಾಗುವಂತೆ. ತಾತ್ಕಾಲಿಕ ಹಲ್ಲಿಗೂ ಶಾಶ್ವತ ಕ್ಯಾಪಿಗೂ ಶುಲ್ಕ ಬೇರೆ ಬೇರೆ ಎಂಬುದನ್ನು, ಇಂಪ್ಲಾಂಟು ಹಿಡಿಯದೆ ಹೋದರೆ ತೆಗೆದು, ಮೂಳೆ ಮಾಯಲು ಬಿಟ್ಟು, ಹೊಸದಾಗಿ ಹಾಕುವಾಗ ಖರ್ಚು ಯಾರದು ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಕೇಳಿ ಬರೆಸಿಕೊಳ್ಳಿ. ಈ ಪ್ರಶ್ನೆ ಕೇಳಿದರೆಂದು ಯಾವ ಡಾಕ್ಟರೂ ಬೇಸರಪಡಬೇಕಾದ್ದಿಲ್ಲ.